ಹಣ್ಣಾಗುವ ಶುಕ್ರವಾರ

ನಮ್ಮ ನಡುಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಬಣ್ಣದ ಗುರುತುಗಳಿರುತ್ತವೆ. ಕೆಂಪು ಸುತ್ತುಗಳು ರೇಷ್ಮೆಹುಳುವಿನವು. ಮರಿಹುಳು ತಂದ ದಿನ, ಮೂರನೇ ಜ್ವರ, ನಾಲ್ಕನೇ ಜ್ವರ, ಕೊನೆಗೆ ಹಣ್ಣು. ಹುಳು ಮೇವು ಬಿಟ್ಟು, ತಲೆಯೆತ್ತಿಕೊಂಡು, ಅಲ್ಲಾಡದೆ ಕೂತು ಚರ್ಮ ಕಳಚುವುದಕ್ಕೆ ನಮ್ಮ ಶಿಡ್ಲಘಟ್ಟದ ಕಡೆ ಜ್ವರ ಎನ್ನುತ್ತಾರೆ. ಗೂಡು ಕಟ್ಟಲು ಸಿದ್ಧವಾಗುವುದಕ್ಕೆ ಹಣ್ಣಾಗುವುದು ಎನ್ನುತ್ತಾರೆ. ಕೆಂಪಿನದು ಇಷ್ಟು. ಇನ್ನು ನೀಲಿ ಚುಕ್ಕಿಗಳು ನನ್ನವು. ಅವು ಏನೆಂದು ನನ್ನ ಗಂಡ ಕೇಳುವುದಿಲ್ಲ, ಹೆಂಗಸರ ಯಾವುದೋ ಲೆಕ್ಕ ಇರಬೇಕೆಂದು ಸಂಕೋಚ. ಬಂದ ನೆಂಟರು ಯಾವುದೋ ವ್ರತ ಇರಬೇಕು ಎಂದುಕೊಂಡು ನನ್ನ ಮೇಲೆ ಸ್ವಲ್ಪ ಗೌರವ ಜಾಸ್ತಿ ಮಾಡಿಕೊಂಡು ಹೋಗುತ್ತಾರೆ. ನಿಮಗೆ ನಿಜ ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ನೀಲಿ ಚುಕ್ಕಿ ಎಂದರೆ ಹೊಸ ಸಿನಿಮಾ ಬಿಡುಗಡೆ. ಅದೂ ಎಂಥ ಸಿನಿಮಾ? ಹಾರುವವರದು, ಗೋಡೆ ತೂರುವವರದು, ಬೇರೆ ಗ್ರಹದಿಂದ ಬಂದು ನಮ್ಮ ಗ್ರಹವನ್ನು ಉಳಿಸಿ ಥ್ಯಾಂಕ್ಸ್ ಕೂಡ ಹೇಳಿಸಿಕೊಳ್ಳದೆ ಹೋಗುವವರದು. ಜಪಾನಿನ ಅನಿಮೆ, ಅಂದರೆ ಅಲ್ಲಿನ ಕಾರ್ಟೂನು, ಅದರ ಹೊಸ ಸೀಸನ್ ಬಂದರೆ ಚುಕ್ಕಿಯ ಸುತ್ತ ನಾಲ್ಕು ಕಿರಣ.

ನನಗೆ ನಲವತ್ಮೂರು ವರ್ಷ. ಬಿ.ಎಸ್ಸಿ. ಓದಿ, ಮದುವೆಯಾಗಿ, ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳು ಸಾಕುವವಳು. ಈ ವಯಸ್ಸಿನ ಹೆಂಗಸು ಧಾರಾವಾಹಿ ನೋಡಿ ಅತ್ತರೆ ಲೋಕ ಒಪ್ಪುತ್ತದೆ. ಕೈಯಿಂದ ಬೆಂಕಿ ಬಿಡುವವನು ಸತ್ತನೆಂದು ಎರಡು ದಿನ ಮುದ್ದೆ ನುಂಗದಿದ್ದರೆ ಒಪ್ಪುವುದಿಲ್ಲ. ಆದರೆ ಯೋಚಿಸಿ ನೋಡಿ, ನಾಲ್ಕು ಸಲ ಚರ್ಮ ಕಳಚಿ, ಐದನೇ ಸಲಕ್ಕೆ ಬಾಯಿಂದ ದಾರ ತೆಗೆದು, ಅದರೊಳಗೆ ತಾನೇ ಮಾಯವಾಗುವ ಜೀವಿಗಳನ್ನು ಸಾವಿರಗಟ್ಟಲೆ ಮನೆಯಲ್ಲಿ ಸಾಕುವವಳು ನಾನು. ನನ್ನನ್ನು ನೋಡಿ ನಗುವವರಿಗೆ ಇದನ್ನೇ ಹೇಳುತ್ತೇನೆ. ಅವರು ಇನ್ನೂ ಜಾಸ್ತಿ ನಗುತ್ತಾರೆ.

ಸಿನಿಮಾ ನೋಡುವುದಕ್ಕಿಂತ ಕಾಯುವುದೇ ನನ್ನ ದೊಡ್ಡ ಕಾಯಿಲೆ. ಟ್ರೇಲರ್ ಬಂದ ದಿನದಿಂದ ನಾನು ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಎರಡು ನಿಮಿಷದ ಟ್ರೇಲರನ್ನು ನಿಲ್ಲಿಸಿ ನಿಲ್ಲಿಸಿ ಅರ್ಧ ಗಂಟೆ ನೋಡುತ್ತೇನೆ. ಹಿಂದುಗಡೆ ಮಸುಕಾಗಿ ನಿಂತವನು ಯಾರು, ಆ ಕೈಗೆ ಬ್ಯಾಂಡೇಜ್ ಏಕೆ, ಹೋದ ಭಾಗದಲ್ಲಿ ಇಲ್ಲದ ಬಾಗಿಲು ಈಗ ಎಲ್ಲಿಂದ ಬಂತು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಸೊಪ್ಪು ಕತ್ತರಿಸುವಾಗ ಬೆರಳು ಕತ್ತರಿಸಿಕೊಂಡಿದ್ದೇನೆ. ಅನಿಮೆ ನೋಡಿ ನೋಡಿ ನಾಲ್ಕು ಜಪಾನೀ ಮಾತು ಬಾಯಿಗೆ ಬಂದಿವೆ. ಜ್ವರಕ್ಕೆ ಕೂತ ಹುಳುಗಳ ಮುಂದೆ ನಿಂತು "ಗಂಬತ್ತೆ, ಗಂಬತ್ತೆ" ಎನ್ನುತ್ತೇನೆ. ಧೈರ್ಯವಾಗಿರಿ, ಪ್ರಯತ್ನ ಬಿಡಬೇಡಿ ಎಂದು ಅರ್ಥ. ಅದು ಹುಳುವಿನ ದೃಷ್ಟಿ ತೆಗೆಯುವ ಮಂತ್ರವೆಂದು ಅಕ್ಕಪಕ್ಕದವರು ನಂಬಿದ್ದಾರೆ. ಒಬ್ಬರು ಬರೆದುಕೊಂಡೂ ಹೋಗಿದ್ದಾರೆ.

ಈ ಚಡಪಡಿಕೆ ಎಲ್ಲಿಂದ ಬಂತು ಎಂದರೆ ತೊಂಡೇಬಾವಿಗೆ ಹೋಗಬೇಕು. ಅದು ನನ್ನ ತವರು. ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಕಪ್ಪುಬಿಳುಪಿನ ಟಿವಿ ಇತ್ತು, ಭಾನುವಾರ ಬೆಳಿಗ್ಗೆ ಒಬ್ಬ ಶೂರನ ಕತೆ ಬರುತ್ತಿತ್ತು. ಅರ್ಧ ಗಂಟೆಯ ಕತೆ. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಪ್ರತಿ ವಾರವೂ ಹಾಗೆಯೇ. ಶೂರ ಬಂಡೆಯಂಚಿಗೆ ನೇತಾಡುತ್ತಿರುವಾಗ, ಖಳ ಕತ್ತಿ ಎತ್ತಿರುವಾಗ, ಟಪ್ ಎಂದು ಕತ್ತಲೆ. ಸೋಮವಾರ ಶಾಲೆಗೆ ಹೋದರೆ ಟಿವಿಯಿಲ್ಲದ ಹುಡುಗಿಯರು ಬೇವಿನ ಮರದ ಕೆಳಗೆ ನನ್ನನ್ನು ಸುತ್ತುವರಿದು "ಆಮೇಲೇನಾಯ್ತೇ?" ಎನ್ನುವರು. ಕರೆಂಟು ಹೋಯಿತು ಎಂದರೆ ಮರ್ಯಾದೆ ಉಳಿಯುತ್ತದೆಯೇ? ನಾನೇ ಕೊನೆ ಕಟ್ಟಿ ಹೇಳುತ್ತಿದ್ದೆ. ನನ್ನ ಕೊನೆಗಳಲ್ಲಿ ಶೂರ ರೈಲು ಹತ್ತಿ ತಪ್ಪಿಸಿಕೊಳ್ಳುತ್ತಿದ್ದ, ಏಕೆಂದರೆ ನಮ್ಮೂರಲ್ಲಿ ಸ್ಟೇಷನ್ ಇತ್ತು. ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಗೌರಿಬಿದನೂರಿನಿಂದ ಒಬ್ಬಳು ನಮ್ಮ ತರಗತಿಗೆ ಬಂದು ಸೇರಿದಳು. ಗೌರಿಬಿದನೂರಿನಲ್ಲಿ ಕರೆಂಟು ಹೋಗುತ್ತಿರಲಿಲ್ಲ. ಮೊದಲ ಸೋಮವಾರವೇ ಅವಳು, "ಆ ಕತೇಲಿ ರೈಲೇ ಇಲ್ಲ ಕಣ್ರೇ" ಎಂದಳು. ಮರದ ಕೆಳಗಿನ ನನ್ನ ರಾಜ್ಯ ಅವತ್ತಿಗೆ ಮುಗಿಯಿತು.

ಹಾಗಾಗಿ ಕತೆಯ ಕೊನೆ ಎಂದರೆ ನನಗೆ ಪ್ರಾಣ. ಅದನ್ನು ನಾನೇ, ನನ್ನ ಕಣ್ಣಿನಿಂದಲೇ, ಮೊದಲ ಸಲ ನೋಡಬೇಕು. ಯಾರಾದರೂ ಮುಂಚೆಯೇ ಹೇಳಿಬಿಟ್ಟರೆ ಉಂಡ ಎಲೆ ಮುಂದೆ ಇಟ್ಟಹಾಗೆ ಆಗುತ್ತದೆ.

ಈ ಹುಚ್ಚಿನಲ್ಲಿ ನನಗೆ ಸರಿಸಮ ಸಿಕ್ಕವಳು ಶಬೀನಾ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಒಂದೇ ಬೆಂಚು. ಅವಳದು ಶಿಡ್ಲಘಟ್ಟದ ರೀಲಿಂಗ್ ಮನೆತನ, ಗೂಡು ಬೇಯಿಸಿ ನೂಲು ತೆಗೆಯುವವರು. ಸಸ್ಯಶಾಸ್ತ್ರದ ನೋಟ್ಸಿನ ಹಿಂದಿನ ಪುಟಗಳಲ್ಲಿ ನಾವಿಬ್ಬರೂ ಯಾವ ನಾಯಕನಿಗೆ ಯಾವ ಶಕ್ತಿ, ಯಾರಿಗೆ ಯಾರು ಸೋಲುತ್ತಾರೆ ಎಂದು ಪಟ್ಟಿ ಬರೆಯುತ್ತಿದ್ದೆವು. ನನಗೆ ಗಂಡು ನೋಡುವಾಗ ಮೂರು ಸಂಬಂಧ ಬಂದಿದ್ದವು; ಇವರ ಊರು ಶಿಡ್ಲಘಟ್ಟಕ್ಕೆ ಹತ್ತಿರ ಎಂದು ಗೊತ್ತಾದ ಮೇಲೆ ನಾನು ಫೋಟೋ ಸರಿಯಾಗಿ ನೋಡದೆ ಒಪ್ಪಿದೆ. ಇದು ನನ್ನ ಗಂಡನಿಗೆ ಇನ್ನೂ ಗೊತ್ತಿಲ್ಲ.

ನಮ್ಮಿಬ್ಬರದು ಒಂದು ಒಪ್ಪಂದವಿತ್ತು. ಯಾವ ಸಿನಿಮಾ ಆದರೂ ಇಬ್ಬರೂ ಒಟ್ಟಿಗೇ ಮೊದಲ ಸಲ ನೋಡಬೇಕು. ಒಬ್ಬಳಿಗೆ ಹೆರಿಗೆಯಾಗಿದ್ದರೆ ಇನ್ನೊಬ್ಬಳು ಬಾಣಂತನ ಮುಗಿಯುವವರೆಗೆ ಕಾಯಬೇಕು. ಕಾದಿದ್ದೇವೆ ಕೂಡ. ಅದರಲ್ಲೂ ಒಂದು ಸರಣಿ ನಮಗೆ ಬಹಳ ಹತ್ತಿರ. ಉಸಿರು ಬಿಗಿಹಿಡಿದಷ್ಟು ಹೊತ್ತು ಇಡೀ ಲೋಕದ ಗಡಿಯಾರ ನಿಲ್ಲಿಸಬಲ್ಲ ಒಬ್ಬ ಹೆಂಗಸಿನ ಕತೆ. ಏಳು ಭಾಗ. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲನೆಯದು ನೋಡಿದ್ದೆವು. ನಡುವೆ ಅವಳ ತಂದೆ ಹೋದರು, ನನ್ನ ಅಮ್ಮ ಹೋದಳು, ನಮಗಿಬ್ಬರಿಗೂ ಚಾಳೀಸು ಬಂತು. ಪರದೆಯ ಮೇಲಿನವಳು ಮಾತ್ರ ಹಾಗೇ ಇದ್ದಾಳೆ, ನಮಗೋಸ್ಕರ ಉಸಿರು ಹಿಡಿದುಕೊಂಡು.

ಇನ್ನು ನಮ್ಮ ಅತ್ತೆ ನಾರಾಯಣಮ್ಮನವರ ವಿಷಯ ಹೇಳಲೇಬೇಕು. ಅವರ ತವರು ಚಿಂತಾಮಣಿ ಕಡೆ, ತೆಲುಗು ಮನೆಮಾತು. ಚಿಕ್ಕಬಳ್ಳಾಪುರಕ್ಕೆ ನಮ್ಮ ಸಿನಿಮಾಗಳು ತೆಲುಗಿನಲ್ಲೇ ಬರುವುದು ಹೆಚ್ಚು. ಟಿವಿಯಲ್ಲಿ ಅನಿಮೆಯೂ ತೆಲುಗು. ನಾನು ಅರ್ಧ ಅರ್ಥ ಮಾಡಿಕೊಂಡು ಒದ್ದಾಡುವಾಗ ಅತ್ತೆ ಹಿಂದುಗಡೆ ಕೂತು ಹುರುಳಿ ಆರಿಸುತ್ತಾ ಪೂರ್ತಿ ತಿಳಿದುಕೊಂಡಿರುತ್ತಾರೆ. ಅನಿಮೆಗೆ ಅವರಿಟ್ಟ ಹೆಸರು "ಕಣ್ಣು ದೊಡ್ಡೋರ ಕತೆ". ನಮ್ಮ ನಾಯಕಿಗೆ "ಉಸಿರು ಹಿಡ್ಕೊಳ್ಳೋಳು". ಆದರೆ ಅವರದೊಂದು ಹಟ. ಕತೆ ಶುರುವಾಗುವ ಮುಂಚೆಯೇ ಕೊನೆ ಹೇಳಬೇಕು.

"ಬದುಕ್ತಾಳಾ, ಸಾಯ್ತಾಳಾ, ಅದೊಂದು ಹೇಳ್ಬಿಡಮ್ಮ. ಆಮೇಲೆ ನೆಮ್ಮದಿಯಾಗಿ ನೋಡ್ತೀನಿ."

"ಅತ್ತೆ, ಅದು ಗೊತ್ತಾದ್ಮೇಲೆ ನೋಡೋದೇನಿದೆ?"

"ಏಮಮ್ಮ ಇದು! ರಾಮ ಗೆಲ್ತಾನೆ ಅಂತ ಗೊತ್ತಿದ್ದೂ ಇಡೀ ರಾತ್ರಿ ಕೂತು ನಾಟಕ ನೋಡಿಲ್ವಾ ನಾವು? ಕೊನೆ ಗೊತ್ತಿಲ್ದೆ ನೋಡಿದ್ರೆ ಕತೆ ಮೇಲೆ ಎಲ್ಲಿರುತ್ತೆ ಮನಸ್ಸು? ಹೊಟ್ಟೇಲೇ ಇರುತ್ತೆ."

ಹಾಗೆಂದು ನನಗೆ ಬುದ್ಧಿಯೇನೂ ಬಂದಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತು ಬಳಸಿದ್ದೇ ಅದನ್ನು ಹೇಳಲು ನಾಚಿಕೆಯಾಗಿ. ಹೋದ ವರ್ಷ ಆರನೇ ಭಾಗ ಬಂತು. ಭಾನುವಾರ ಒಟ್ಟಿಗೆ ಹೋಗುವುದೆಂದು ಮಾತು. ಶುಕ್ರವಾರ ಅತ್ತೆಯ ಬಿಪಿ ಮಾತ್ರೆ ತರಲು ಚಿಕ್ಕಬಳ್ಳಾಪುರಕ್ಕೆ ಹೋದೆ. ಔಷಧಿ ಅಂಗಡಿಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಥಿಯೇಟರ್. ಪೋಸ್ಟರ್ ನೋಡಿ ಬರೋಣ ಎಂದು ಹೋದೆ. ಪೋಸ್ಟರಿನ ಪಕ್ಕದಲ್ಲೇ ಟಿಕೆಟ್ ಕಿಂಡಿ. ಆಮೇಲೆ ಏನಾಯಿತೆಂದು ಗೊತ್ತಿಲ್ಲ. ಕಾಲಿಗೆ ಬುದ್ಧಿ ಹೇಳುವಷ್ಟರಲ್ಲಿ ಕಾಲು ಒಳಗಿತ್ತು. ಮಾತ್ರೆಯ ಚೀಟಿ ಕೈಯಲ್ಲಿ ಒದ್ದೆಯಾಗುವ ಹಾಗೆ ಅತ್ತು ಬಂದೆ. ಅದರಲ್ಲಿ ನಾಯಕಿಯ ತಂಗಿ ಸಾಯುತ್ತಾಳೆ.

ಭಾನುವಾರ ಶಬೀನಾಳ ಪಕ್ಕ ಕೂತು ಮತ್ತೆ ನೋಡಿದೆ, ಮೊದಲ ಸಲ ನೋಡುವವಳ ಮುಖ ಮಾಡಿಕೊಂಡು. "ಅಯ್ಯೋ" ಎನ್ನಬೇಕಾದಲ್ಲೆಲ್ಲ ಎಂದೆ. ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ತಂಗಿ ಆ ಸೇತುವೆ ಹತ್ತುವಾಗ ನನಗೆ ಪಾಪ, ಇವಳು ಎಷ್ಟು ಅಳುತ್ತಾಳೋ ಎನಿಸಿ, ಕರ್ಚೀಫ್ ತೆಗೆದು ಶಬೀನಾಳ ಕೈಗಿಟ್ಟೆ. ತಂಗಿ ಇನ್ನೂ ನಗುತ್ತಿದ್ದಳು. ಸೇತುವೆ ಗಟ್ಟಿಯಾಗಿತ್ತು. ಸಾಯಲು ಎರಡು ನಿಮಿಷ ಬಾಕಿ ಇತ್ತು. ಶಬೀನಾ ಕರ್ಚೀಫನ್ನೂ ನನ್ನ ಮುಖವನ್ನೂ ನೋಡಿದಳು. ಆಮೇಲೆ ತಂಗಿ ಸತ್ತಳು. ಶಬೀನಾ ಅಳಲಿಲ್ಲ. ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ನನ್ನ ಮಡಿಲಲ್ಲಿಟ್ಟಳು.

ಶಿಡ್ಲಘಟ್ಟದಲ್ಲಿ ಬಸ್ಸಿಳಿದ ಮೇಲೆ ಕೇಳಿದಳು, "ಮೊದ್ಲೇ ನೋಡಿದ್ದೆ ಅಲ್ವಾ ಸುಮಾ?"

"ಇಲ್ಲ ಕಣೇ. ನಿನ್ನಾಣೆ ಇಲ್ಲ."

ಅವಳು "ಸರಿ" ಎಂದು ನಡೆದಳು. ಆಮೇಲೆ ಹನ್ನೊಂದು ತಿಂಗಳು ನಮ್ಮ ನಡುವೆ ಹಬ್ಬದ ಶುಭಾಶಯ, ಗೂಡಿನ ರೇಟು, ಇಷ್ಟೇ. ಯಾವ ಟ್ರೇಲರ್ ಬಂದರೂ ನಾನೊಬ್ಬಳೇ ನೋಡಿದೆ. ಮಸುಕಾಗಿ ನಿಂತವನು ಯಾರೆಂದು ಕೇಳಲು ಯಾರೂ ಇಲ್ಲದೆ ನೋಡುವ ಟ್ರೇಲರ್ ಎರಡೇ ನಿಮಿಷಕ್ಕೆ ಮುಗಿದುಹೋಗುತ್ತದೆ. ಅವಳಿಲ್ಲದೆ ನನಗೆ ಬಹಳ ಬೇಸರವಾಗಿತ್ತು.

ಹೀಗಿರುವಾಗ ಏಳನೆಯ, ಕೊನೆಯ ಭಾಗದ ಟ್ರೇಲರ್ ಬಂತು. ಧೈರ್ಯ ಮಾಡಿ ಶಬೀನಾಗೆ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಆ ಎರಡು ದಿನದಲ್ಲಿ ನಾನು ಫೋನನ್ನು ಎಷ್ಟು ಸಲ ತೆಗೆದು ನೋಡಿದೆನೋ, ಸೊಪ್ಪಿನ ಬುಟ್ಟಿಯಲ್ಲಿ ಎಷ್ಟು ಸಲ ಬೀಳಿಸಿದೆನೋ. ಮೂರನೇ ದಿನ ಬಂತು: "ಹೋಗಣ. ಆದ್ರೆ ಈ ಸಲ ನಿಜವಾಗ್ಲೂ ಒಟ್ಟಿಗೆ." ಇದೊಂದನ್ನು ಕೆಡಿಸಿದರೆ ಇನ್ನು ಶಬೀನಾ ಇಲ್ಲ ಎಂದು ನನಗೆ ಸ್ಪಷ್ಟವಾಗಿ ತಿಳಿಯಿತು.

ತಕ್ಷಣ ಕ್ಯಾಲೆಂಡರ್ ಮುಂದೆ ನಿಂತೆ. ನಾವು ಎರಡನೇ ಜ್ವರ ಎದ್ದ ಹುಳುಗಳನ್ನು ಚಾಕಿ ಕೇಂದ್ರದಿಂದ ತರುತ್ತೇವೆ; ಚಾಕಿ ಎಂದರೆ ಮರಿಹುಳು. ತಂದು ಹದಿನೇಳು ದಿನ ಕಳೆದರೆ ಹಣ್ಣು. ಬರುವ ಮಂಗಳವಾರ ತರುವುದೆಂದು ಅತ್ತೆ ಹೇಳಿದ್ದರು. ಲೆಕ್ಕ ಹಾಕಿದರೆ ಹಣ್ಣಿನ ದಿನ ಅದೇ ಬಿಡುಗಡೆಯ ಶುಕ್ರವಾರ! ಹಣ್ಣಿನ ದಿನ ಮನೆ ಬಿಟ್ಟು ಹೋಗುವುದೆಂದರೆ ಮಗಳ ಮದುವೆಯ ದಿನ ತೀರ್ಥಯಾತ್ರೆಗೆ ಹೋದ ಹಾಗೆ. ಹಣ್ಣಾದ ಹುಳುವನ್ನು ಆಯ್ದು ಚಂದ್ರಂಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡದಿದ್ದರೆ ಅದು ಕಾಯುವುದಿಲ್ಲ, ಕಂಡಲ್ಲಿ ನೂಲು ಬಿಟ್ಟು ಹಾಳು ಮಾಡುತ್ತದೆ. ಅವತ್ತು ಊರ ಹೆಂಗಸರೆಲ್ಲ ಮುಯ್ಯಾಳಾಗಿ ಬರುತ್ತಾರೆ. ಅವರ ಮನೆಯ ಹಣ್ಣಿಗೆ ನಾವು ಹೋಗಿದ್ದಕ್ಕೆ ನಮ್ಮ ಮನೆಗೆ ಅವರು. ನಾನು ಇಲ್ಲದಿದ್ದರೆ ಆಗುವುದಿಲ್ಲ.

ಹಾಗಾಗಿ ಒಂದು ಸುಳ್ಳು ಹೇಳಿದೆ. "ಅತ್ತೆ, ಆ ಮಂಗಳವಾರ ಬೇಡ. ದಿನ ಚೆನ್ನಾಗಿಲ್ಲ ಅಂತ ಕ್ಯಾಲೆಂಡರಲ್ಲಿ ಹಾಕಿದಾರೆ. ಮುಂದಿನ ಮಂಗಳವಾರ ತರಣ."

ಅತ್ತೆ ನನ್ನನ್ನೊಮ್ಮೆ, ಕ್ಯಾಲೆಂಡರನ್ನೊಮ್ಮೆ ನೋಡಿ "ಆಗ್ಲಮ್ಮ" ಎಂದರು. ದೇವರ ಹೆಸರಲ್ಲಿ ಸುಳ್ಳು ಹೇಳಿದ್ದಕ್ಕೆ ಒಂದು ತೆಂಗಿನಕಾಯಿ ಒಡೆದು ಸಮಾಧಾನ ಮಾಡಿಕೊಂಡೆ.

ಮುಂದಿನ ಮಂಗಳವಾರ ಹುಳು ಬಂದವು. ಮೂರನೇ ಜ್ವರ ಕೂತವು, ಎದ್ದವು. ಆಗ ಸುದ್ದಿ ಬಂತು, ಸಿನಿಮಾವನ್ನು ಒಂದು ವಾರ ಮುಂದಕ್ಕೆ ಹಾಕಿದ್ದಾರೆ. ನಾನೂ ಒಂದು ವಾರ ಮುಂದಕ್ಕೆ ತಳ್ಳಿದ್ದೆ, ಅವರೂ ಒಂದು ವಾರ ಮುಂದಕ್ಕೆ ತಳ್ಳಿದರು. ಸುಮ್ಮನೆ ಅತ್ತೆ ಹೇಳಿದ ಮಂಗಳವಾರವೇ ತಂದಿದ್ದರೆ ಗೂಡು ಬಿಡಿಸಿ, ಮಾರಿ, ಹೊಸ ಸೀರೆ ಉಟ್ಟುಕೊಂಡು ಸಿನಿಮಾಗೆ ಹೋಗಬಹುದಿತ್ತು. ಹುಳುಮನೆಯಲ್ಲಿ ನಿಂತು ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಹುಳುಗಳು ಚರಚರ ಸೊಪ್ಪು ತಿನ್ನುತ್ತಿದ್ದವು. ಅವುಗಳಿಗೇನು?

ಶಬೀನಾಗೆ ಫೋನ್ ಮಾಡಿದೆ. ಶುಕ್ರವಾರ ಆಗುವುದಿಲ್ಲ, ಭಾನುವಾರ ಹೋಗೋಣವೇ ಎಂದೆ.

"ಭಾನುವಾರಾನೇ?" ಎಂದಳು. ಹೋದ ಸಲವೂ ಭಾನುವಾರವೇ ಆಗಿತ್ತು.

"ಹಣ್ಣು ಕಣೇ. ನಿಜವಾಗ್ಲೂ ಹಣ್ಣು. ನೀನೇ ಬಂದು ನೋಡು."

"ಬೇಡ ಬಿಡು. ಭಾನುವಾರ ಹನ್ನೊಂದು ಗಂಟೆ ಆಟ. ಅಲ್ಲೀವರ್ಗೂ ಇಬ್ರೂ ಫೋನಲ್ಲಿ ಏನೂ ನೋಡೋದ್ ಬೇಡ."

ಗುರುವಾರದಿಂದಲೇ ಇಂಟರ್ನೆಟ್ ಬಂದ್ ಮಾಡಿದೆ. ಪೇಪರ್ ಮುಟ್ಟಲಿಲ್ಲ. ನನ್ನ ಗಂಡ ಟಿವಿ ಹಾಕಿದರೆ ಹೋಗಿ ಆರಿಸುತ್ತಿದ್ದೆ. ಒಳಗೆ ಹೋಗುವೆ, ಹೊರಗೆ ಬರುವೆ, ನೀರು ಕುಡಿಯುವೆ, ಮತ್ತೆ ಒಳಗೆ. ಹಣ್ಣಾದ ಹುಳು ಮೇವು ಬಿಟ್ಟು, ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಾ ಅಂಚಿಗೆ ಓಡಾಡುತ್ತದೆ. ಅತ್ತೆ ಇನ್ನೂ ಮೇಯುತ್ತಿದ್ದ ಹುಳುಗಳನ್ನೂ ನನ್ನನ್ನೂ ನೋಡಿ, "ಹುಳ ನಾಳೆ ಹಣ್ಣಾಗ್ತವೆ. ನೀನು ಇವತ್ತೇ ಆಗಿದೀಯಲ್ಲಮ್ಮ" ಎಂದರು.

ಶುಕ್ರವಾರ ಬೆಳಗಾಯಿತು. ಹುಳುಗಳ ಮೈ ಗಾಜಿನ ಹಾಗೆ ಹೊಳೆದು, ಹಳದಿ ತಿರುಗಿತ್ತು. ಹೆಂಗಸರು ಬಂದರು. ಹುಳುಮನೆಗೆ ಅದರದೇ ಕಟ್ಟಳೆಗಳಿವೆ: ಊದುಬತ್ತಿ ಇಲ್ಲ, ಸೊಳ್ಳೆಬತ್ತಿ ಇಲ್ಲ, ಸೆಂಟು ಇಲ್ಲ, ಒಗ್ಗರಣೆಯ ಹೊಗೆ ಇಲ್ಲ. ಬೀಡಿ ಸೇದುವವರು, ಹೊಗೆಸೊಪ್ಪು ಹಾಕುವವರು ಹೊಸ್ತಿಲು ದಾಟುವ ಹಾಗೇ ಇಲ್ಲ, ಆ ವಾಸನೆಗೇ ಹುಳು ಸಾಯುತ್ತವೆ. ಫೋನುಗಳನ್ನೆಲ್ಲ ನಾನೇ ಒಂದು ಬುಟ್ಟಿಗೆ ಹಾಕಿ ನಡುಮನೆಯಲ್ಲಿಟ್ಟೆ, ಅದೂ ಕಟ್ಟಳೆಯೇ ಎಂದು ಸುಳ್ಳು ಹೇಳಿ. ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿತ್ತು. ಇಲ್ಲಿಗೆ ಯಾವ ಸುದ್ದಿಯೂ ತೂರಿ ಬರಲಾರದು ಎಂದು ನಿಶ್ಚಿಂತೆಯಾಗತೊಡಗಿತು.

ನಾಲ್ಕು ಗಂಟೆಗೆ ಜಾಲರಿ ಕಿಟಕಿಯ ಹೊರಗೆ ಒಂದು ತಲೆ ಕಾಣಿಸಿತು. ಹಾಲಿನ ಡೈರಿಯ ಸೆಕ್ರೆಟರಿ ಮುನಿರಾಜಣ್ಣ. ಐವತ್ತೈದರ ಮನುಷ್ಯ, ಬೀಡಿ ಬಿಟ್ಟವರಲ್ಲ, ಹಾಗಾಗಿ ಒಳಗೆ ಬರುವಂತಿಲ್ಲ.

"ಏನ್ ನಾರಾಯಣಮ್ಮಕ್ಕ, ಹುಳ ಚೆನ್ನಾಗ್ ಬಂದವಾ?"

"ಬಂದವೆ ಕಣಪ್ಪ. ಬೆಳಗ್ಗಿಂದ ಕಾಣ್ಲೇ ಇಲ್ವಲ್ಲ ನೀನು?"

"ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ ಕಣಕ್ಕ, ಆಫೀಸ್ ಕೆಲ್ಸ. ಸಾಹೇಬ್ರು ಊಟ ಆದ್ಮೇಲೆ ಬಾ ಅಂದ್ರು. ಹಾಳ್ ಬಿಸಿಲು. ಥಿಯೇಟ್ರಲ್ಲಿ ಎಸಿ ಐತೆ ಅಂದ್ರು, ಹೋಗಿ ಮಲ್ಕೊಂಡ್ಬಿಟ್ಟೆ."

ನನ್ನ ಎರಡೂ ಕೈಯಲ್ಲಿ ಹಣ್ಣು ಹುಳು ತುಂಬಿದ ತಟ್ಟೆ.

"ಯಾವ ಸಿನಿಮಾನಪ್ಪ?" ಅತ್ತೆಯ ಕಿವಿ ನೆಟ್ಟಗಾಗಿತ್ತು.

"ಅದೇ ಕಣಕ್ಕ, ಉಸಿರ್ ಹಿಡ್ಕೋತಾಳಲ್ಲ, ಅವ್ಳುದು."

"ಮುನಿರಾಜಣ್ಣ, ಬೇಡ!" ಎಂದು ಕಿರುಚಿದೆ.

"ಏನ್ ಬೇಡಮ್ಮ? ಏನಾರ ಕೊಡ್ತೀನಿ ಅಂದ್ನಾ?"

"ಕತೆ ಹೇಳ್ಬೇಡಿ. ನಾನಿನ್ನೂ ನೋಡಿಲ್ಲ."

"ನಾನೇನ್ ನೋಡಿದೀನಮ್ಮ ಹೇಳಕ್ಕೆ! ಪೂರ್ತಿ ನಿದ್ದೆ. ಏಳ್ದಂಗೆ ನಿದ್ದೆ."

ದೇವರಿದ್ದಾನೆ ಎಂದುಕೊಂಡು ಉಸಿರು ಬಿಟ್ಟೆ. ಆದರೆ ಅವರು ಬೀಡಿ ಹಚ್ಚಿ, ಕಿಟಕಿಯಿಂದ ಎರಡು ಹೆಜ್ಜೆ ದೂರ ಸರಿದು, ಮುಂದುವರಿಸಿದರು. "ಕೊನೇಲಿ ಏನೋ ಢಮಾರ್ ಅಂತು. ಎಚ್ಚರ ಆಗೋಯ್ತು. ಕೊನೆ ಒಂದೈದ್ ನಿಮಿಷ ನೋಡ್ದೆ ಅಷ್ಟೇ."

"ಕೊನೇಲಿ ಏನಾಯ್ತಪ್ಪ? ಬದುಕಿದ್ಲಾ?" ಎಂದರು ಅತ್ತೆ.

ಕಿವಿ ಮುಚ್ಚಿಕೊಳ್ಳೋಣವೆಂದರೆ ಕೈಯಲ್ಲಿ ತಟ್ಟೆ. ತಟ್ಟೆ ಇಡೋಣವೆಂದರೆ ಸುತ್ತ ಹುಳು. ಓಡೋಣವೆಂದರೆ ಬಾಗಿಲಲ್ಲಿ ಮೂವರು ಹೆಂಗಸರು. ನಾನು ಕಣ್ಣು ಮುಚ್ಚಿ, ಅಷ್ಟೂ ಗಂಟಲಿನಿಂದ "ಗಂಬತ್ತೆ! ಗಂಬತ್ತೆ! ಗಂಬತ್ತೆ!" ಎಂದು ಕೂಗತೊಡಗಿದೆ. ಮಂತ್ರವೆಂದುಕೊಂಡು ಇಬ್ಬರು ಹೆಂಗಸರು ಕೈಮುಗಿದರು. ಉಳಿದವರೂ ದನಿಗೂಡಿಸಿದರು. ಆದರೆ ಹಾಲಿನ ಡೈರಿಯಲ್ಲಿ ಮೂವತ್ತು ವರ್ಷ ಕೂಗಿ ಕೂಗಿ ಲೀಟರು ಬರೆಸಿದ ಗಂಟಲು ಮುನಿರಾಜಣ್ಣನದು. ಎಲ್ಲವನ್ನೂ ಮೀರಿ ಒಂದೇ ಒಂದು ವಾಕ್ಯ ಜಾಲರಿ ತೂರಿ ಬಂತು. ಹದಿನಾಲ್ಕು ವರ್ಷ ನಾನು ಕಾದಿದ್ದ ಕೊನೆ, ಆರು ಪದಗಳಲ್ಲಿ.

ಏನಾಯಿತೆಂದು ನಿಮಗೆ ಹೇಳುವುದಿಲ್ಲ. ನೀವು ಇನ್ನೂ ನೋಡಿಲ್ಲದಿರಬಹುದು.

ಇಡೀ ಸಿನಿಮಾ ನಿದ್ದೆ ಮಾಡಿ ಕೊನೆಯೊಂದನ್ನೇ ನೋಡಿ ಬರುವ ಮನುಷ್ಯ ಈ ನಾಲ್ಕು ತಾಲ್ಲೂಕಿನಲ್ಲಿ ಒಬ್ಬನೇ ಇರಬೇಕು, ಅವನು ನನ್ನ ಕಿಟಕಿಗೇ ಬರಬೇಕೇ? ಅತ್ತೆ "ಹಂಗಾದ್ರೆ ಸರಿ" ಎಂದು ನೆಮ್ಮದಿಯಿಂದ ಹುಳು ಆಯತೊಡಗಿದರು. ನಾನು ಚಂದ್ರಂಕೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಹುಳುಗಳ ಮೇಲೆ ಒಂದು ಹನಿಯೂ ಬೀಳದ ಹಾಗೆ, ಮುಖ ಆ ಕಡೆ ತಿರುಗಿಸಿ.

ಅಳು ನಿಂತ ಮೇಲೆ ಭಯ ಶುರುವಾಯಿತು. ಭಾನುವಾರ ಏನು ಮಾಡುವುದು? ಯಾರಿಗೂ ತಿಳಿಯುವುದಿಲ್ಲ. ಈ ಸಲ ಜಾಗ್ರತೆಯಾಗಿರಬಹುದು. ಅವಳು ಅತ್ತ ಮೇಲೆಯೇ ಅಳುವುದು, ಅವಳು ಬೆಚ್ಚಿದ ಮೇಲೆಯೇ ಬೆಚ್ಚುವುದು. ಸೊಪ್ಪಿನ ಕಡ್ಡಿ ಗುಡಿಸುತ್ತಾ ಕನ್ನಡಿಯ ಮುಂದೆ ಹಾದುಹೋಗುವಾಗಲೆಲ್ಲ ಆಶ್ಚರ್ಯದ ಮುಖ ಅಭ್ಯಾಸ ಮಾಡಿದೆ. ಒಂದೂ ಸರಿಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅತ್ತೆ ಇದ್ದಕ್ಕಿದ್ದಂತೆ ಹೇಳಿದರು, "ಆ ಮಂಗಳವಾರ ದಿನ ಚೆನ್ನಾಗೇ ಇತ್ತು ಕಣಮ್ಮ."

ಲೋಟ ಕೈಯಲ್ಲೇ ನಿಂತಿತು. "ನಿಮ್ಗೆ ಗೊತ್ತಿತ್ತಾ ಅತ್ತೆ?"

"ಕ್ಯಾಲೆಂಡರ್ ಓದಕ್ಕೆ ನಂಗೂ ಬರುತ್ತೆ. ನೀಲಿ ಚುಕ್ಕಿ ಯಾಕಿಡ್ತೀಯ ಅಂತಾನೂ ಗೊತ್ತು."

"ಮತ್ಯಾಕೆ ಸುಮ್ನಿದ್ರಿ?"

"ಪಾಪ, ಆ ಸಾಬರ ಹುಡ್ಗಿ ಜೊತೆ ಮಾತು ಬಿಟ್ಟಾಗಿಂದ ಮಂಕಾಗಿದ್ದೆ. ಹೋಗ್ಲಿ, ಹೋಗ್ಬರ್ಲಿ ಅಂದ್ಕೊಂಡೆ. ಆದ್ರೆ ಸುಮಾ, ನಿಂಗೆ ಸುಳ್ಳು ಒಗ್ಗಲ್ಲ ಕಣಮ್ಮ. ನಿನ್ ಮುಖ ಹೇಳ್ಬಿಡುತ್ತೆ. ಅತ್ತೆಗೇ ಗೊತ್ತಾಗೋದು ಗೆಳತಿಗೆ ಗೊತ್ತಾಗಲ್ವಾ?"

ಒಂಬತ್ತು ಗಂಟೆಯ ಬಸ್ಸಿಗೆ ಶಿಡ್ಲಘಟ್ಟಕ್ಕೆ ಹೋದೆ. ಶಬೀನಾಳ ಮನೆಯ ಹಿಂದೆಯೇ ರೀಲಿಂಗ್ ಘಟಕ. ಬಿಸಿನೀರಿನ ಆವಿ, ಬೆಂದ ಗೂಡಿನ ವಾಸನೆ, ರಾಟೆಗಳ ಗಿರಗಿರ. ಅವಳು ದುಪಟ್ಟಾ ಸೊಂಟಕ್ಕೆ ಬಿಗಿದು ಬಾಣಲಿಯ ಮುಂದೆ ಗೂಡಿನ ಎಳೆ ಹಿಡಿಯುತ್ತಿದ್ದಳು. ನನ್ನನ್ನು ನೋಡಿ ಹುಬ್ಬೇರಿಸಿದಳು.

"ಅರೆ, ನಾಳೆ ಅಲ್ವೇನೇ?"

ಬರುವ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಕೊನೆ ಗೊತ್ತಾಗೋಯ್ತು ಕಣೇ" ಎಂದುಬಿಟ್ಟೆ.

ಅವಳು ಎಳೆಯಿಂದ ಕಣ್ಣು ತೆಗೆಯಲಿಲ್ಲ. "ನೋಡ್ಬಿಟ್ಯಾ."

"ನೋಡಿಲ್ಲ. ಡೈರಿ ಮುನಿರಾಜಣ್ಣ ಹೇಳ್ಬಿಟ್ರು. ಎಸಿಗೆ ಅಂತ ಹೋಗಿ ಮಲ್ಗಿದ್ರಂತೆ, ಕೊನೇಲಿ ಎಚ್ಚರ ಆಯ್ತಂತೆ, ನಮ್ಮತ್ತೆ ಕೇಳಿದ್ರು, ನನ್ ಕೈಲಿ ತಟ್ಟೆ ಇತ್ತು, ಕಿವಿ ಮುಚ್ಕೊಳ್ಳಕ್ಕಾಗ್ಲಿಲ್ಲ..."

ನಾನೇ ಹೇಳುತ್ತಾ ನಾನೇ ಕೇಳಿಸಿಕೊಂಡೆ. ಇದ್ದದ್ದು ಇದ್ದಹಾಗೆ ಹೇಳಿದರೂ ಬೇವಿನ ಮರದ ಕೆಳಗೆ ಕಟ್ಟಿದ ಕತೆಯಂತೆಯೇ ಇತ್ತು.

"ಮಲ್ಗಿದ್ದೋರು ಕೊನೆ ಮಾತ್ರ ನೋಡಿದ್ರಾ?" ಎಂದಳು ಶಬೀನಾ. "ಹಣ್ಣು ಅಂದೆ. ಭಾನುವಾರ ಅಂದೆ. ಈಗ ಮುನಿರಾಜಣ್ಣ ಅಂತೀಯ."

ನಂಬಲಿಲ್ಲ. ನಂಬಲು ನಾನು ಏನನ್ನೂ ಉಳಿಸಿರಲಿಲ್ಲ. ಆವಿಯಲ್ಲಿ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಬಹುಶಃ ಅದಕ್ಕೇ ಧೈರ್ಯ ಬಂತು.

"ಹೋದ್ ಸಲ ನೋಡಿದ್ದೆ ಶಬೀನಾ. ಶುಕ್ರವಾರಾನೇ ನೋಡಿದ್ದೆ. ಬಸ್‌ಸ್ಟ್ಯಾಂಡಲ್ಲಿ ನಿನ್ನಾಣೆ ಇಲ್ಲ ಅಂದಿದ್ದು ಸುಳ್ಳು. ಈ ಸಲದ್ದು ನಿಜ. ನಂಬೋದಾದ್ರೆ ನಂಬು, ಬಿಡೋದಾದ್ರೆ ಬಿಡು. ನಾಳೆ ನಿನ್ ಪಕ್ಕ ಕೂತು ನಾಟಕ ಆಡಕ್ಕೆ ನನ್ ಕೈಲಾಗಲ್ಲ."

ಅವಳು ಕೈ ತೊಳೆದಳು. ಹೋಗಿ ಮೋಟರಿನ ಸ್ವಿಚ್ ಆರಿಸಿದಳು. ರಾಟೆಗಳು ನಿಧಾನವಾಗಿ ನಿಂತವು. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು, ನನಗೂ ಜಾಗ ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಯಾ ಅಲ್ಲಾ! ಎಸಿಗೆ ಹೋಗಿ ಮಲ್ಗಿದ್ರಾ?"

"ಗೊರಕೇನೂ ಹೊಡೆದಿರ್ತಾರೆ."

ನಗು ಮುಗಿದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ಸರಿ, ಹೇಳು."

"ಏನ್ ಹೇಳ್ಲಿ?"

"ಕೊನೆ. ನಿಂಗೊಬ್ಳಿಗೇ ಗೊತ್ತಿರೋದ್ ಬೇಡ. ನಂಗೂ ಹೇಳು."

ನನಗೆ ಗಾಬರಿಯಾಯಿತು. ಇಪ್ಪತ್ತು ವರ್ಷದಿಂದ ಒಂದು ಸಿನಿಮಾದ ಒಂದು ಹಾಡಿನ ಸಾಲನ್ನೂ ಮುಂಚೆ ಕೇಳಿಸಿಕೊಳ್ಳದವಳು, ಬೇರೆಯವರು ಮಾತಾಡಿದರೆಂದು ಬಸ್ಸು ಇಳಿದು ನಡೆದು ಬಂದವಳು ಇವಳು.

"ಬೇಡ ಕಣೇ, ನಿಂಗೂ ಹಾಳಾಗೋಗುತ್ತೆ. ಇಷ್ಟ್ ವರ್ಷ ಕಾದಿದೀಯ."

"ಹೋದ್ ಸಲ ನಂಗೆ ಹಾಳಾಗಿದ್ದು ಸಿನಿಮಾ ಅಲ್ಲ ಸುಮಾ. ಹೇಳು."

ಹೇಳಿದೆ. ಆರೇ ಪದ. ಶಬೀನಾ ನಿಂತುಹೋಗಿದ್ದ ರಾಟೆಗಳ ಕಡೆ ಮುಖ ತಿರುಗಿಸಿದಳು. ಕಣ್ಣು ತುಂಬಿತ್ತು, ಮುಂಗೈಯಿಂದ ಒರೆಸಿಕೊಂಡಳು.

"ಆಮೇಲೆ?" ಎಂದಳು.

"ಅಷ್ಟೇ. ಅವ್ರಿಗೆ ಗೊತ್ತಿದ್ದಿದ್ದೇ ಅಷ್ಟು."

ಅವಳು ಎದ್ದು ಮೋಟರ್ ಹಾಕಿದಳು. ರಾಟೆಗಳ ಸದ್ದಿನಲ್ಲಿ ನನಗೆ ಕೇಳಿಸಲೆಂದು ಕೂಗಿ ಹೇಳಿದಳು:

"ಸರಿ. ಉಳಿದಿದ್ದು ನಾಳೆ ಒಟ್ಟಿಗೆ ನೋಡಣ. ಒಂಬತ್ತೂವರೆ ಬಸ್ಸಿಗೆ ಬಾ."